ಹಳೇ ಗೆಳೆಯನ ಜೊತೆ ಘಟ್ಟದ ದಾರಿಯಲ್ಲಿ

'ಸೊಕ್ಕಿದ್ದವನಿಗೆ ಯಾಣ, ರೊಕ್ಕಿದ್ದವನಿಗೆ ಗೋಕರ್ಣ' ಎಂಬುದು ಉತ್ತರ ಕನ್ನಡದ ಹಳೆಯ ಮಾತು. ಗೋಕರ್ಣಕ್ಕೆ ಹೋಗಲು ಕೈಯಲ್ಲಿ ಕಾಸಿದ್ದರೆ ಸಾಕು, ಯಾಣಕ್ಕೆ ಮೈಯಲ್ಲಿ ಕಸುವೇ ಬೇಕಿತ್ತು. ದಟ್ಟ ಕಾಡಿನ ಏರಿಳಿತವನ್ನು ಕಾಲ್ನಡಿಗೆಯಲ್ಲೇ ದಾಟಬೇಕಿದ್ದ ಕಾಲವದು. ಈಗ ಯಾಣದ ಬಂಡೆಗಳ ಸಮೀಪದವರೆಗೆ ರಸ್ತೆಯಿದೆ. ಕಾರು ನಿಲ್ಲಿಸಿ ಸ್ವಲ್ಪ ನಡೆದರೆ ಮರಗಳ ನಡುವೆ ಕಪ್ಪು ಗೋಡೆಯೊಂದು ಎದ್ದು ನಿಲ್ಲುತ್ತದೆ.

ಕಾಲೇಜಿನ ಗೆಳೆತನ ಮದುವೆ-ಮುಂಜಿಗಳ ಊಟದ ಪಂಕ್ತಿಗೆ ಸೀಮಿತವಾಗಿಬಿಟ್ಟ ನಡುವಯಸ್ಸಿನವರಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಸುತ್ತಿನ ಈ ದಾರಿಗಿಂತ ಒಳ್ಳೆಯದು ಸಿಗುವುದು ಕಷ್ಟ. ಊರು ದಾಟಿದ ಮೇಲೆ ಮೊಬೈಲ್ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ತಿರುವುಗಳಲ್ಲಿ ಕಾರು ನಿಧಾನವಾಗಲೇಬೇಕು. ಹಾಗಾಗಿ ಮಾತಿಗೆ ಬೇಕಾದಷ್ಟು ಹೊತ್ತು ಸಿಗುತ್ತದೆ. ಮಾತು ನಿಂತರೂ ಹಳೇ ಗೆಳೆಯನ ಪಕ್ಕದಲ್ಲಿ ಅದು ಕೊರತೆ ಅನ್ನಿಸುವುದಿಲ್ಲ. ಹೊಸ ಪರಿಚಯದವರ ಜೊತೆ ಇಂಥ ದಾರಿಗೆ ಬಂದವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿರುತ್ತದೆ.

ಯಾಣದ ಭೈರವೇಶ್ವರ ಶಿಖರದ ಎತ್ತರ 120 ಮೀಟರ್, ಪಕ್ಕದ ಮೋಹಿನಿ ಶಿಖರದ್ದು 90. ಭಸ್ಮಾಸುರ ಸುಟ್ಟು ಬೂದಿಯಾದ ಜಾಗವಿದು, ಅದಕ್ಕೇ ಇಲ್ಲಿನ ಮಣ್ಣು ಕಪ್ಪು ಎನ್ನುತ್ತದೆ ಸ್ಥಳಪುರಾಣ. ಭೂವಿಜ್ಞಾನಕ್ಕೆ ಈ ಬಂಡೆ ಸುಣ್ಣಕಲ್ಲು. ಮಳೆನೀರು ಗಾಳಿಯಲ್ಲೂ ಮಣ್ಣಿನಲ್ಲೂ ಇರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತೀರಾ ಸೌಮ್ಯವಾದ ಆಮ್ಲವಾಗುತ್ತದೆ. ಆ ನೀರು ಬಿರುಕುಗಳಲ್ಲಿ ಇಳಿಯುತ್ತ ಕಲ್ಲನ್ನು ಕರಗಿಸುತ್ತ ಹೋಗಿದೆ. ಮೆದು ಭಾಗ ಕರಗಿ, ಗಟ್ಟಿ ಭಾಗ ಶಿಖರವಾಗಿ ಉಳಿದಿದೆ. ಗುಹೆಯೊಳಗಿನ ಲಿಂಗದ ಮೇಲೆ ಜಿನುಗುವ ನೀರನ್ನು ನೋಡಿದರೆ ಈ ಕೆಲಸ ಇಂದಿಗೂ ನಿಂತಿಲ್ಲವೆಂದು ತಿಳಿಯುತ್ತದೆ. ಬಂಡೆಗಳ ಮೈಗೆ ಹೆಜ್ಜೇನು ಗೂಡುಗಳು ಜೋತುಬಿದ್ದಿರುವುದರಿಂದ ಇಲ್ಲಿ ಹೊಗೆ, ಗದ್ದಲ ಎರಡೂ ಅಪಾಯ.

ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆಯ ಬಳಿ ಅಘನಾಶಿನಿ ನದಿ 116 ಮೀಟರ್ ಧುಮುಕುತ್ತದೆ. ಬ್ರಿಟಿಷ್ ಅಧಿಕಾರಿಯೊಬ್ಬನ ಹೆಸರಿನಿಂದ ಲಷಿಂಗ್ಟನ್ ಜಲಪಾತ ಎಂದೂ ಕರೆಯುವ ಇದು ಜನರ ಬಾಯಲ್ಲಿ ಉಂಚಳ್ಳಿ. ಕಿವಿ ಕೆಪ್ಪಾಗಿಸುವಂಥ ಅಬ್ಬರದಿಂದಾಗಿ ಕೆಪ್ಪಜೋಗ ಎಂಬ ಹೆಸರೂ ಇದಕ್ಕಿದೆ. ಜೋಗ, ಉಂಚಳ್ಳಿ, ಮಾಗೋಡು ಮೂರಕ್ಕೂ ಕಾರಣ ಒಂದೇ. ಘಟ್ಟದ ಮೇಲೆ ಹುಟ್ಟುವ ಈ ನದಿಗಳು ತೀರಾ ಕಡಿಮೆ ದೂರದಲ್ಲಿ ಅರಬ್ಬಿ ಸಮುದ್ರ ಸೇರಬೇಕು, ಘಟ್ಟದ ಅಂಚು ನಡುವೆ ಕಡಿದಾಗಿ ಕುಸಿದಿದೆ.

ಆದರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಜೋಗಕ್ಕೆ ಧುಮುಕುವ ಶರಾವತಿಯ ನೀರಿನ ದೊಡ್ಡ ಪಾಲು ವಿದ್ಯುತ್ತಿಗೆ ಹೋಯಿತು. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಎಂದು ಸಾಲು ಅಣೆಕಟ್ಟುಗಳು. ಅಘನಾಶಿನಿಗೆ ಮಾತ್ರ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಅದರ ದಡದ ಕಾಡಿನಲ್ಲಿ ಸಿಂಗಳೀಕಗಳಿವೆ, ರಾಮಪತ್ರೆಯ ಜಡ್ಡಿಗಳಿವೆ (ಜೌಗುಕಾಡುಗಳು), ಉಪ್ಪಿನಕಾಯಿಗೆ ಹೆಸರಾದ ಅಪ್ಪೆಮಿಡಿ ಮರಗಳಿವೆ. ಸಮುದ್ರ ಸೇರುವ ತದಡಿಯ ಬಳಿ ಉಪ್ಪುನೀರನ್ನು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ, ಬೆಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುವ ಕುಟುಂಬಗಳು ಬದುಕುತ್ತವೆ. ಈ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಉಂಚಳ್ಳಿಯನ್ನು ನೋಡಿದವರು ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ಅದೇ ನೀರನ್ನು ಕಡಲ ಬಾಗಿಲಲ್ಲೂ ನೋಡಬೇಕು. ಒಂದು ನದಿಯನ್ನು ಹೀಗೆ ಇಡಿಯಾಗಿ ನೋಡುವ ಅವಕಾಶ ನಮ್ಮ ನಾಡಿನಲ್ಲಿ ಹೆಚ್ಚು ಕಡೆ ಉಳಿದಿಲ್ಲ.

ಯಲ್ಲಾಪುರದ ಕಡೆ ಹೋದರೆ ಸಾತೊಡ್ಡಿ ಮತ್ತು ಮಾಗೋಡು. ಸಾತೊಡ್ಡಿ ಬರೀ 15 ಮೀಟರ್ ಎತ್ತರದ್ದು, ಅಗಲವಾಗಿ ಹರಡಿ ಬೀಳುತ್ತದೆ. ಅದರ ನೀರು ಕೊಡಸಳ್ಳಿಯ ಹಿನ್ನೀರು ಸೇರುತ್ತದೆ. ಮಾಗೋಡಿನಲ್ಲಿ ಬೇಡ್ತಿ ನದಿ ಎರಡು ಹಂತಗಳಲ್ಲಿ ಸುಮಾರು 200 ಮೀಟರ್ ಇಳಿಯುತ್ತದೆ. ಕಣಿವೆಯ ಈಚೆ ದಡದಿಂದಷ್ಟೇ ನೋಡಬಹುದು. ಸಂಜೆಗೆ ಹತ್ತಿರದ ಜೇನುಕಲ್ಲು ಗುಡ್ಡಕ್ಕೆ ಹೋದರೆ ಅದೇ ಕಣಿವೆ ಕಾಡಿನ ಸಮೇತ ಕಾಲಡಿಗೆ ಬರುತ್ತದೆ.

ಮಳೆಗಾಲದಲ್ಲಿ ಉಂಬಳ ಹತ್ತುತ್ತದೆ, ಮಂಜು ಮುಸುಕಿದರೆ ಜಲಪಾತದ ಸದ್ದಷ್ಟೇ ಕೇಳಿಸುತ್ತದೆ. ಅಕ್ಟೋಬರಿನಿಂದ ಡಿಸೆಂಬರ್ ಒಳ್ಳೆಯ ಸಮಯ. ಪೆಟ್ರೋಲ್ ಪೇಟೆಯಲ್ಲೇ ತುಂಬಿಸಿಕೊಳ್ಳಬೇಕು.

ಉಳಿಯಲು ಅಡಿಕೆ ತೋಟದ ನಡುವಿನ ಹೋಂಸ್ಟೇ ಹಿಡಿಯುವುದು ವಾಸಿ. ಊಟಕ್ಕೆ ತಂಬುಳಿ, ಅಪ್ಪೆಹುಳಿ ಇರುತ್ತದೆ, ಜೊತೆಗೆ ಮನೆಯವರ ಮಾತು. ಆ ಮಾತಿನಲ್ಲಿ ಇಲ್ಲಿನ ಹೋರಾಟಗಳ ನೆನಪೂ ಬರುತ್ತದೆ. ಮರಗಳನ್ನು ಅಪ್ಪಿ ಹಿಡಿದು ಉಳಿಸಿಕೊಂಡ ಅಪ್ಪಿಕೋ ಚಳವಳಿ 1983ರ ಸೆಪ್ಟೆಂಬರಿನಲ್ಲಿ ಶುರುವಾದದ್ದು ಶಿರಸಿ ಸೀಮೆಯ ಸಲಕಣಿಯಲ್ಲಿ. ಬೇಡ್ತಿಗೆ ಅಣೆಕಟ್ಟು ಕಟ್ಟುವ ವಿದ್ಯುತ್ ಯೋಜನೆಯೂ ಅದೇ ದಶಕದಲ್ಲಿ ಇಲ್ಲಿನ ಕೃಷಿಕರ ವಿರೋಧದಿಂದ ಹಿಂದೆ ಸರಿಯಿತು. ಬೇಡ್ತಿಯ ನೀರನ್ನು ವರದಾ ನದಿಗೆ ತಿರುಗಿಸುವ ಪ್ರಸ್ತಾಪ ಬಂದ ಮೇಲೆ ಈ ಸೀಮೆಯಲ್ಲಿ ಮತ್ತೆ ಸಭೆಗಳು ನಡೆದಿವೆ. ಮಾಗೋಡಿನ ಎದುರು ನಿಂತು ಬಂದವರು ಈ ನೀರು ತಿರುಗಿಸುವ ಯೋಜನೆಯ ಬಗ್ಗೆ ಮನೆಯವರನ್ನು ಕೇಳಿದರೆ, ನದಿಯನ್ನು ದಿನವೂ ನೋಡುವವರ ಲೆಕ್ಕಾಚಾರ ನೇರವಾಗಿ ಅವರ ಬಾಯಿಂದಲೇ ಕೇಳಲು ಸಿಗುತ್ತದೆ.