ಮುನಿದ ಗರಗಸ

ಬೇಲೂರಿನ ಕಾಫಿ ತೋಟಗಳಲ್ಲಿ ಮುಂಗಾರಿಗೆ ಮುನ್ನ ಮರಗಸಿಯ ಗಡಿಬಿಡಿ. ನೆರಳು ದಟ್ಟವಾಗಿ ಉಳಿದರೆ ಮಳೆಗಾಲದಲ್ಲಿ ಕೊಳೆರೋಗಕ್ಕೆ ಅದೇ ಎಡೆ. ಅತ್ತ ಅರಸೀಕೆರೆಯ ಬಯಲಿನಲ್ಲಿ ಒಣಗಿ ನಿಂತ ತೆಂಗನ್ನು ಗಾಳಿ ಕೆಡವುವ ಮೊದಲೇ ಉರುಳಿಸಬೇಕು. ಇಂಥ ಹೊತ್ತಿನಲ್ಲೇ ಪೆಟ್ರೋಲಿನ ಚೈನ್‌ಸಾ ಮುನಿದು ಕುಳಿತರೆ ಕೆಲಸಗಾರರ ದಿನಗೂಲಿಯೆಲ್ಲ ವ್ಯರ್ಥ.

ಆದರೆ ಈ ಮುನಿಸಿಗೆ ಮುಖ್ಯ ಕಾರಣಗಳು ಮೂರೇ: ಇಂಧನ, ಗಾಳಿ, ಕಿಡಿ. ಸ್ವಿಚ್ಚು ಸರಿಯಾಗಿದೆಯೇ ಎಂದು ಮೊದಲು ನೋಡಬೇಕು. ಕಳೆದ ವರ್ಷ ಉಳಿದ ಪೆಟ್ರೋಲನ್ನು ತೆಗೆದು, ಹೊಸದಕ್ಕೆ ತಯಾರಕರು ಹೇಳಿದಷ್ಟೇ ಟೂ-ಸ್ಟ್ರೋಕ್ ಎಣ್ಣೆ ಬೆರೆಸಬೇಕು. ಅನೇಕ ಯಂತ್ರಗಳಿಗೆ ಲೀಟರಿಗೆ 20 ಮಿಲಿಲೀಟರು.

ಬಳಿಕ ಪ್ಲಗ್ಗನ್ನು ಬಿಚ್ಚಿದರೆ ಅರ್ಧ ಉತ್ತರ ಅಲ್ಲಿಯೇ ಉಂಟು. ಅದು ಒಣಗಿದ್ದರೆ ಇಂಧನ ತಲುಪುತ್ತಿಲ್ಲ. ಟ್ಯಾಂಕಿನೊಳಗಿನ ಫಿಲ್ಟರು ಕಟ್ಟಿರಬಹುದು. ತೊಯ್ದಿದ್ದರೆ ಇಂಧನ ಮಿತಿಮೀರಿದೆ. ಆಗ ಸ್ವಿಚ್ಚು ಆರಿಸಿ, ಚೋಕು ತೆಗೆದು, ಪ್ಲಗ್ಗಿಲ್ಲದೆಯೇ ಹಗ್ಗವನ್ನು ನಾಲ್ಕಾರು ಬಾರಿ ಎಳೆದು, ಪ್ಲಗ್ಗನ್ನು ಒರೆಸಿ ಕೂಡಿಸಬೇಕು. ಹೊಟ್ಟು ಮೆತ್ತಿದ ಏರ್ ಫಿಲ್ಟರನ್ನೂ ಶುಚಿಮಾಡಬೇಕು. ಇಷ್ಟಕ್ಕೂ ಬಗ್ಗದಿದ್ದರೆ ಕಾರ್ಬ್ಯುರೇಟರು ಕೆಟ್ಟಿರಬಹುದು. ಅದು ಮೆಕ್ಯಾನಿಕ್ಕಿನ ಕೆಲಸ. ಚಾಲೂ ಮಾಡುವಾಗ ಯಂತ್ರ ನೆಲದ ಮೇಲಿರಲಿ, ಸರಪಳಿಗೆ ಬ್ರೇಕು ಬಿದ್ದಿರಲಿ.

ಋತು ಮುಗಿದೊಡನೆ ಟ್ಯಾಂಕನ್ನು ಬರಿದುಮಾಡಿಟ್ಟವರಿಗೆ ಈ ಪಾಡು ವಿರಳ. ಹಳೇಬೀಡಿನ ಕಲ್ಲನ್ನು ಕಂಡರಿಸಿದವರೂ ಉಳಿಯನ್ನು ಮಸೆಯದೆ ಕೆಲಸಕ್ಕೆ ಕುಳಿತಿರಲಾರರು.