ಹೂಜಿ ಗಿಡಗಳಿಗೆ ಮದುವೆ ಮಾಡಿಸುವ ಬಗೆ

ಸರಸೀನಿಯಾ ಎಂಬ ಹೂಜಿ ಗಿಡಕ್ಕೆ ಕೀಟ ಬೇಕಾಗುವುದು ಎರಡು ಕೆಲಸಕ್ಕೆ. ಅಮೆರಿಕದ ಆಗ್ನೇಯ ರಾಜ್ಯಗಳ ಜೌಗು ಬಯಲು ಇದರ ತವರು. ಅಲ್ಲಿನ ಮಣ್ಣಿನಲ್ಲಿ ಸಾರಜನಕ ತೀರಾ ಕಡಿಮೆ. ಆ ಕೊರತೆ ತುಂಬಿಕೊಳ್ಳಲು ಗಿಡದ ಎಲೆಯೇ ಹೂಜಿಯಾಗಿ, ಒಳಗೆ ಜಾರಿಬಿದ್ದ ನೊಣ, ಇರುವೆಗಳನ್ನು ಜೀರ್ಣಿಸಿಕೊಳ್ಳುತ್ತದೆ. ಪರಾಗ ಒಂದು ಹೂವಿನಿಂದ ಇನ್ನೊಂದಕ್ಕೆ ಹೋಗಬೇಕಾದರೂ ದುಂಬಿಯೇ ಬರಬೇಕು. ನೆಂಟನನ್ನೇ ನುಂಗಿದರೆ ಸಂತಾನ ಬೆಳೆಯುವುದು ಹೇಗೆ? ಹೆಚ್ಚಿನ ಪ್ರಭೇದಗಳಲ್ಲಿ ವಸಂತ ಬಂದೊಡನೆ ಮೊದಲು ಏಳುವುದು ಹೂವಿನ ದಂಟು. ಹೂಜಿಗಳು ಬಾಯಿ ತೆರೆಯುವುದು ಆಮೇಲೆ.

ಈ ಹೂವನ್ನು ಹತ್ತಿರದಿಂದ ನೋಡಬೇಕು. ತಲೆ ಬಗ್ಗಿಸಿ ನೇತಾಡುವ ಹೂವಿನೊಳಗೆ ಶಲಾಕೆಯ ತುದಿ ತಲೆಕೆಳಗಾದ ಕೊಡೆಯಂತೆ ಹರಡಿಕೊಂಡಿರುತ್ತದೆ. ಕೊಡೆಗೆ ಐದು ಮೂಲೆ. ಪ್ರತಿ ಮೂಲೆಯ ಸೀಳಿನ ಒಳಮಗ್ಗುಲಿಗೆ ಒಂದು ಪುಟ್ಟ ಮೊಳೆ. ಪರಾಗವನ್ನು ಸ್ವೀಕರಿಸುವ ಶಲಾಕಾಗ್ರವೆಂದರೆ ಅದೇ. ಮೇಲಿನ ಕೇಸರಗಳಿಂದ ಉದುರಿದ ಪರಾಗವೆಲ್ಲ ಕೊಡೆಯೊಳಗೆ ಹಳದಿ ಪುಡಿಯಾಗಿ ಶೇಖರವಾಗುತ್ತದೆ. ಎರಡು ಮೂಲೆಗಳ ನಡುವಿನ ತೆರಪಿನಲ್ಲಿ ದಳಗಳು ಇಳಿಬಿದ್ದಿರುವುದರಿಂದ ದುಂಬಿ ಒಳಹೊಗುವುದು ಮೂಲೆಯ ಬಳಿಯಿಂದ. ಬೇರೆ ಹೂವಿನಿಂದ ಹೊತ್ತು ತಂದ ಪರಾಗ ಅಲ್ಲೇ ಮೊಳೆಗೆ ಸವರುತ್ತದೆ. ಹೊರಡುವಾಗ ಅದು ದಳವನ್ನು ತಳ್ಳಿಕೊಂಡು ಆಚೆ ಬರುತ್ತದೆ. ಹಾಗಾಗಿ ಹೂವಿನ ಪರಾಗ ಅದರದೇ ಶಲಾಕಾಗ್ರಕ್ಕೆ ತಗಲುವುದು ಕಡಿಮೆ.

ಸರಸೀನಿಯಾದಲ್ಲಿ 8ರಿಂದ 11 ಪ್ರಭೇದಗಳನ್ನು ಸಸ್ಯವಿಜ್ಞಾನಿಗಳು ಗುರುತಿಸುತ್ತಾರೆ. ಯಾವುದನ್ನು ಯಾವುದರ ಜೊತೆ ಕೂಡಿಸಿದರೂ ಬೀಜ ಕಟ್ಟುತ್ತದೆ. ಹುಟ್ಟಿದ ಮಿಶ್ರತಳಿಯೂ ಮುಂದೆ ಬೀಜ ಕೊಡುತ್ತದೆ. ನಿಸರ್ಗದಲ್ಲಿ ಅವನ್ನು ಬೇರೆಬೇರೆಯಾಗಿ ಉಳಿಸಿರುವುದು ಹೂ ಬಿಡುವ ಕಾಲ ಮತ್ತು ಬೆಳೆಯುವ ಜಾಗ. ಈ ಬೇಲಿ ಸಡಿಲವಾದಲ್ಲಿ ಅವು ತಾವಾಗಿಯೇ ಬೆರೆಯುತ್ತವೆ. ಫ್ಲಾರಿಡಾದ ವಾಯವ್ಯ ಭಾಗದಲ್ಲಿ ಹಳದಿ ಹೂವಿನ ಫ್ಲಾವಾ ಮತ್ತು ಕೆಂಪು ಹೂವಿನ, ಬಿಳಿ ನೆತ್ತಿಯ ಹೂಜಿಯುಳ್ಳ ಲ್ಯುಕೊಫಿಲ್ಲಾ ಹೀಗೆ ಕೂಡುತ್ತವೆ. ಅದೇ ಜೋಡಿಯನ್ನು ಡಬ್ಲಿನ್‌ನ ಗ್ಲಾಸ್ನೆವಿನ್ ಸಸ್ಯೋದ್ಯಾನದ ಡೇವಿಡ್ ಮೂರ್ 1870ರ ದಶಕದಲ್ಲೇ ಕೂಡಿಸಿದ್ದರು. ಆ ಮಿಶ್ರತಳಿಗೆ ಇಂದಿಗೂ ಅವರದೇ ಹೆಸರು.

ಮನೆಯಲ್ಲಿ ಮಾಡುವವರಿಗೆ ಒಂದು ಚಿಕ್ಕ ಕುಂಚ, ಚಿಮಟ, ತೆಳುಬಟ್ಟೆಯ ಚೀಲ ಇದ್ದರೆ ಸಾಕು. ತಾಯಿಯಾಗಬೇಕಾದ ಮೊಗ್ಗು ಬಿರಿಯುವ ಹೊತ್ತಿಗೇ ಅದರ ಪರಾಗಕೋಶಗಳನ್ನು ಚಿಮಟದಿಂದ ಕಿತ್ತು, ದುಂಬಿ ಬಾರದಂತೆ ಚೀಲ ಕಟ್ಟಬೇಕು. ತಂದೆ ಗಿಡದ ಕೊಡೆಯೊಳಗಿನ ಪುಡಿಯನ್ನು ಕುಂಚದಲ್ಲಿ ತೆಗೆದು ಐದೂ ಮೊಳೆಗಳಿಗೆ ಸವರಬೇಕು. ನಾಲ್ಕಾರು ದಿನ ಮತ್ತೆ ಮತ್ತೆ ಸವರಿದರೆ ಒಳ್ಳೆಯದು. ಒಂದು ಬೇಗ, ಇನ್ನೊಂದು ತಡವಾಗಿ ಅರಳುವ ಜೋಡಿಯಾದರೆ ಮೊದಲಿನದರ ಪರಾಗವನ್ನು ಒಣಗಿಸಿ, ಕಾಗದದಲ್ಲಿ ಮಡಿಚಿ, ಸಿಲಿಕಾ ಜೆಲ್ ಜೊತೆ ಫ್ರಿಜ್ಜಿನಲ್ಲಿಟ್ಟರೆ ಕೆಲವು ವಾರ ಕೆಡದೆ ಉಳಿಯುತ್ತದೆ. ಕಾಲದ ಬೇಲಿಯನ್ನು ದಾಟುವುದು ಹೀಗೆ.

ದಳ ಉದುರಿ ಅಂಡಾಶಯ ಊದಿಕೊಳ್ಳುತ್ತದೆ. ಶರತ್ಕಾಲದ ಹೊತ್ತಿಗೆ ಕಾಯಿ ಕಂದಾಗಿ ಬಿರಿದಾಗ ಒಳಗೆ ನೂರಾರು ಬೀಜ. ಅವುಗಳ ಮೇಲ್ಮೈಗೆ ಮೇಣದ ಲೇಪವಿರುವುದರಿಂದ ನೀರು ಹತ್ತುವುದಿಲ್ಲ. ಜೊತೆಗೆ ಚಳಿಗಾಲ ಕಳೆಯಿತೆಂಬ ಸೂಚನೆ ಸಿಗದೆ ಅವು ಸುಲಭವಾಗಿ ಮೊಳೆಯವು. ಶರತ್ತಿನಲ್ಲೇ ಮೊಳೆತರೆ ಹಿಮಕ್ಕೆ ಸಿಕ್ಕಿ ಸಾಯುತ್ತವೆ. ಆದ್ದರಿಂದ ಒದ್ದೆ ಸ್ಫ್ಯಾಗ್ನಮ್ ಪಾಚಿಯಲ್ಲಿಟ್ಟು 4ರಿಂದ 6 ವಾರ ಫ್ರಿಜ್ಜಿನಲ್ಲಿರಿಸಬೇಕು. ಆಮೇಲೆ ಪೀಟ್ ಮತ್ತು ಪರ್ಲೈಟ್ ಮಿಶ್ರಣದ ಮೇಲೆ ಉದುರಿಸಿದರೆ ಸಾಕು, ಮುಚ್ಚಬಾರದು. ಮೊಳೆಯಲು ಬೆಳಕು ಬೇಕು. ನೀರು ಮಳೆಯದೋ ಆರ್‌ಓದ್ದೋ ಆಗಿರಲಿ. ಬೋರ್‌ವೆಲ್ಲಿನ ಲವಣಕ್ಕೆ ಬೇರು ಸುಡುತ್ತದೆ. ಗೊಬ್ಬರ ಹಾಕಬಾರದು. ಎರಡು ಬೀಜದಳಗಳ ನಡುವಿನಿಂದ ಬರುವ ಮೊದಲ ಎಲೆಯೇ ಪುಟಾಣಿ ಹೂಜಿ. ಬೆಳೆದ ಗಿಡಕ್ಕೂ ವರ್ಷಕ್ಕೊಮ್ಮೆ ಚಳಿಯ ವಿಶ್ರಾಂತಿ ಬೇಕು. ಅಟ್ಲಾಂಟಾದ ಕನ್ನಡಿಗರ ಹಿತ್ತಿಲಲ್ಲಿ ಸುಲಭವಾಗಿ ಬದುಕುವ ಗಿಡಕ್ಕೆ ಬೆಂಗಳೂರಿನ ಚಳಿ ಸಾಲದು.

ಹೂ ಬಿಡಲು ಸಾಮಾನ್ಯವಾಗಿ 3ರಿಂದ 5 ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು. ಮೊದಲ ತಲೆಮಾರು ಬಹುಮಟ್ಟಿಗೆ ತಂದೆತಾಯಿಯರ ನಡುವಣ ರೂಪದ್ದು. ಫ್ಲಾವಾ ವಸಂತದಲ್ಲಿ, ಲ್ಯುಕೊಫಿಲ್ಲಾ ಶರತ್ತಿನಲ್ಲಿ ತನ್ನ ಅತ್ಯುತ್ತಮ ಹೂಜಿ ಬಿಡುತ್ತದೆ; ಇವೆರಡರ ಮಕ್ಕಳಲ್ಲಿ ಎರಡೂ ಕಾಲದಲ್ಲಿ ಚೆಂದ ಕಾಣುವಂಥವು ಸಿಗುವುದುಂಟು. ಆ ಮಕ್ಕಳನ್ನೇ ಪರಸ್ಪರ ಕೂಡಿಸಿದರೆ ವಂಶವಾಹಿಗಳು ಹೊಸದಾಗಿ ಹಂಚಿಹೋಗಿ, ಎರಡನೆಯ ತಲೆಮಾರಿನಲ್ಲಿ ಒಂದರಂತೆ ಇನ್ನೊಂದಿರುವುದಿಲ್ಲ. ಮನಮೆಚ್ಚಿದ ಗಿಡ ಸಿಕ್ಕಿತೆಂದರೆ ಅದನ್ನು ಹೆಚ್ಚಿಸಬೇಕಾದ್ದು ಗಡ್ಡೆ ಸೀಳಿ. ಅದರ ಬೀಜದಿಂದ ಅದೇ ಗಿಡ ಬಾರದು.

ಕುಂಚ ಹಿಡಿಯುವುದು ಸುಲಭ. ವರ್ಷಗಟ್ಟಲೆ ಲೆಕ್ಕ ಇಡುವುದೇ ನಿಜವಾದ ಕೆಲಸ. ಹೂವಿಗೆ ಪರಾಗ ಸವರಿದ ಕೂಡಲೇ ದಂಟಿಗೆ ಚೀಟಿ ಕಟ್ಟಿ, ತಾಯಿಯ ಹೆಸರು ಮೊದಲು, ತಂದೆಯದು ಆಮೇಲೆ, ದಿನಾಂಕ ಕೊನೆಗೆ ಬರೆಯಿರಿ. ಬೀಜದ ಪೊಟ್ಟಣಕ್ಕೂ ಕುಂಡಕ್ಕೂ ಅದೇ ಹೋಗಲಿ. ವಂಶ ಗೊತ್ತಿಲ್ಲದ ಗಿಡ ಎಷ್ಟೇ ಚೆಂದವಿದ್ದರೂ, ಯಾವ ಗುಣ ಯಾರಿಂದ ಬಂತೆಂದು ಅದರಿಂದ ಕಲಿಯಲಾಗದು. ತಾಯಿ ಗಿಡವನ್ನು ನರ್ಸರಿಯಲ್ಲಿ ಬೆಳೆಸಿದವರಿಂದಲೇ ಕೊಳ್ಳಿ. ಹೊಲ, ತೋಪು, ಕಟ್ಟಡಗಳಿಗಾಗಿ ಜೌಗನ್ನು ಬಸಿದು ಇವುಗಳ ನೆಲೆಯ ಬಹುಪಾಲು ಈಗಾಗಲೇ ಹೋಗಿದೆ. ಮಿಶ್ರತಳಿಯನ್ನು ಅಳಿದುಳಿದ ಬಯಲಿನಲ್ಲಿ ನೆಡಲೂಬಾರದು. ಅಲ್ಲಿನ ದುಂಬಿ ನಮ್ಮ ಚೀಟಿ ಓದುವುದಿಲ್ಲ. ಅದು ಒಯ್ಯುವ ಪರಾಗದಿಂದ ಶುದ್ಧ ಪ್ರಭೇದಗಳು ಬೆರೆತುಹೋದರೆ ಮತ್ತೆ ಬೇರ್ಪಡಿಸಲು ಯಾರಿಂದಲೂ ಆಗದು.