ಮರವೆಯೂ ಫ್ರಾಯ್ಡನ ಸುಪ್ತಮನಸ್ಸೂ

ವಿಯೆನ್ನಾ ನಗರದ ವೈದ್ಯರಾದ ಬ್ರಾಯರ್ ಮತ್ತು ಸಿಗ್ಮಂಡ್ ಫ್ರಾಯ್ಡ್ 1895ರಲ್ಲಿ ಹಿಸ್ಟೀರಿಯಾ ರೋಗವನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. ಅದರಲ್ಲಿ ‘ಅನ್ನಾ ಓ.’ ಎಂದು ಕರೆಯಲಾದ ಬ್ರಾಯರನ ರೋಗಿಯೊಬ್ಬಳ ವೃತ್ತಾಂತವಿದೆ. ಸಂಕಟದ ಮೂಲವನ್ನು ನೆನೆದು ನುಡಿದಾಗ ಅದು ಶಮನವಾಗುವುದನ್ನು ಕಂಡು ಆಕೆಯೇ ಇದಕ್ಕೆ ‘ಮಾತಿನ ಚಿಕಿತ್ಸೆ’ ಎಂದು ಹೆಸರಿಟ್ಟಳು. ಆಕೆ ಅಂದೇ ಪೂರ್ಣ ಗುಣ ಹೊಂದಲಿಲ್ಲವೆಂಬುದೂ ನಿಜ. ಆದರೂ ಇಂದಿನ ಹಲವು ಮನಶ್ಚಿಕಿತ್ಸಾ ಪದ್ಧತಿಗಳಿಗೆ ಅದೇ ಬೀಜ.

ಫ್ರಾಯ್ಡನ ಸ್ವಪ್ನವ್ಯಾಖ್ಯಾನವನ್ನು ಇಂದಿನ ಮನೋವಿಜ್ಞಾನಿಗಳಲ್ಲಿ ಹೆಚ್ಚಿನವರು ಆತನು ಹೇಳಿದಂತೆಯೇ ಒಪ್ಪುವುದಿಲ್ಲ. ಮನಸ್ಸಿನ ಬಹಳಷ್ಟು ವ್ಯಾಪಾರ ನಮ್ಮ ಅರಿವಿಗೆ ಬಾರದೆ ನಡೆಯುತ್ತದೆಂಬ ಮಾತು ಮಾತ್ರ ಬೇರೆ ರೂಪದಲ್ಲಿಯಾದರೂ ನಿಂತಿದೆ.

ಶರಣರ ‘ಮರವೆ’ಯೇ ಈ ಸುಪ್ತಮನಸ್ಸು ಎಂದು ನಮ್ಮಲ್ಲಿ ಕೆಲವರು ಉತ್ಸಾಹದಿಂದ ಹೇಳುವುದುಂಟು. ಇದು ಸಲ್ಲದು. ಹಾಗೆ ನಂಬಿ, ಮನೋರೋಗಿಯನ್ನು ವೈದ್ಯರಿಗೆ ತೋರಿಸದೆ ಬೋಧೆಯಿಂದಲೇ ಗುಣಪಡಿಸಹೊರಡುವವರೂ ಇದ್ದಾರೆ! ಮರವೆಯೆಂದರೆ ಜೀವನು ತನ್ನ ಶಿವಸ್ವರೂಪವನ್ನು ಅರಿಯದಿರುವುದು. ಅದು ಹರಿದಲ್ಲಿ ಲಿಂಗಾಂಗಸಾಮರಸ್ಯ. ಫ್ರಾಯ್ಡನು ಹೇಳುವುದಾದರೋ, ಸಹಿಸಲಾರದೆ ಮನಸ್ಸು ತಾನೇ ಅದುಮಿಟ್ಟ ನೆನಪು ಬಯಕೆಗಳನ್ನು. ಅವು ಮಾತಾಗಿ ಹೊರಬಂದರೆ ರೋಗಿಯು ಎಲ್ಲರಂತೆ ಬಾಳಿನ ಸುಖದುಃಖಗಳಿಗೆ ಮರಳಬಲ್ಲನು. ಅದಕ್ಕಿಂತ ಹೆಚ್ಚಿನ ಭರವಸೆಯನ್ನು ಆತನು ಕೊಟ್ಟಿಲ್ಲ.